ಸೋಮುವಿನ ಅಳುವಿಗೆ ಬಿದ್ದ ಷರಾ

ಹೊನವಾಡದಿಂದ ವಿಜಯಪುರದವರೆಗೆ ಕೂಡಿದ ಸಮಸ್ತ ದೈವವೇ, ಊರ ಮಂದಿಯೇ, ಇತ್ತ ಕಿವಿಗೊಡಿ! ಈ ಪತ್ರ ಬರೆದದ್ದು ಕೊಲೆ ಅಪರಾಧಿಗಳ ಅವಧಿಪೂರ್ವ ಬಿಡುಗಡೆ ನಿರ್ಧರಿಸುವ ಸಮಿತಿಯ ಅಧ್ಯಕ್ಷರಿಗೆ. ಸಾಕ್ಷಿ ನೀವು.

ಮಾನ್ಯ ಅಧ್ಯಕ್ಷರೇ, ಜೀವಾವಧಿ ಶಿಕ್ಷೆಯಾದ ನಮ್ಮೂರ ಸೋಮುವನ್ನು ಹದಿನಾಲ್ಕು ವರ್ಷಕ್ಕೇ ಬಿಡಲು ತಾವು ಹೊರಟಿದ್ದೀರಿ. ಅವನು ಕೊಂದ ಸಿದ್ದರಾಯನ ಹೆಂಡತಿ ಸಕ್ರವ್ವನಿಂದ ತಕರಾರಿಲ್ಲವೆಂದು ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಕಳೆದ ವಾರ ಪೊಲೀಸರು ಕಾಗದ ತಂದಿದ್ದರು. ಆಕೆಗೆ ಓದಿ ಹೇಳಿದವನು ನಾನು. ಅದರ ಪ್ರಕಾರ ಸೋಮು ಜೈಲಿನ ತೋಟಕ್ಕೆ ನೀರುಣಿಸಿದ್ದಾನೆ, ಯಾರೊಡನೆಯೂ ಜಗಳವಾಡಿಲ್ಲ. ಮೇಲಾಗಿ ಅಲ್ಲಿನ ರಾಜ್ಯೋತ್ಸವದ ನಾಟಕದಲ್ಲಿ ತಮ್ಮನ ಹೆಣದ ಮುಂದೆ ಅಳುವ ಅಣ್ಣನ ಪಾತ್ರ ಮಾಡಿದ್ದಾನೆ. "ಆತನ ನೈಜ ಪಶ್ಚಾತ್ತಾಪವು ಪ್ರೇಕ್ಷಕರ ಕಣ್ಣು ತೇವಗೊಳಿಸಿತು" ಎಂದು ಷರಾ ಬಿದ್ದಿದೆ.

ಸಂತೋಷ. ಆ ಅಳು ಕಲಿಸಿದವನು ನಾನೇ.

ಮೂವತ್ತು ವರ್ಷದಿಂದ ಊರ ನಾಟಕಗಳಿಗೆ ನಾನು ಮಾಸ್ತರ. ಮೊದಲು ಮೊಣಕಾಲು ನೆಲಕ್ಕೆ, ಆಮೇಲೆ ಉಸಿರು ಬಿಗಿ, ಮೂರು ಎಣಿಸಿ ಹೆಣದ ಎದೆಯ ಮೇಲೆ ತಲೆ. ಎಂಟು ವರ್ಷ ಸೋಮು ಹೀಗೆ ಅತ್ತ. ಹೆಣವಾಗಿ ಮಲಗುತ್ತಿದ್ದವನು ಇದೇ ಸಿದ್ದರಾಯ. ಪರದೆ ಬಿದ್ದೊಡನೆ ಎದ್ದು ಕೂತು ಬೈಯುತ್ತಿದ್ದ: "ಲೇ ಸೋಮ್ಯಾ, ಹಗೂರಕ ಬೀಳೋ! ನಾ ಖರೇನ ಸಾಯ್ತಿದ್ನಲ್ಲೋ!"

ಸಿದ್ದರಾಯನ ಕುರಿಗಳು ತನ್ನ ಜೋಳದ ಹೊಲ ಹೊಕ್ಕವೆಂದು ಸೋಮು ಕೊಡಲಿ ಎತ್ತಿದ ದಿನ ಸಿದ್ದರಾಯ ಏಳಲಿಲ್ಲ. ಅಂದು ಸೋಮು ಅಳಲೂ ಇಲ್ಲ.

ಕಾಗದ ಕೇಳಿಸಿಕೊಂಡು ಸಕ್ರವ್ವ ನನ್ನನ್ನೇ ಕೇಳಿದಳು: "ಮಾಸ್ತರ, ಅಂವ ಅತ್ತಿದ್ದು ಖರೇನೋ, ನೀವು ಕಲ್ಸಿದ್ದೋ? ಖರೇ ಇದ್ರ ಈಗ ಒತ್ತತೀನ್ರಿ. ಇಲ್ಲಂದ್ರ ಅವನ ಮನಿ ಮುಂದ ಹಾದು ದಿನಾ ನೀರಿಗೆ ಹ್ಯಾಂಗ ಹೋಗ್ಲಿ?"

ನನಗೆ ಗೊತ್ತಾಗಲಿಲ್ಲ. ಎಂಟು ವರ್ಷ ಅಳಿಸಿದವನಿಗೇ ತಿಳಿಯದ್ದು, ಮುಂದಿನ ಸಾಲಿನಲ್ಲಿ ಕೂತು ಒಂದೇ ಸಂಜೆ ನೋಡಿದವರಿಗೆ ಹೇಗೆ ತಿಳಿಯಿತು? ಹದಿನಾಲ್ಕು ವರ್ಷ ಸಾಕೋ, ಇಪ್ಪತ್ತು ಬೇಕೋ, ಬಲ್ಲವರು ವಾದಿಸಲಿ. ಮನುಷ್ಯ ಬದಲಾಗುವುದೇ ಇಲ್ಲ ಎನ್ನುವಷ್ಟು ಕಲ್ಲು ನಾನಲ್ಲ. ಆದರೆ ಶಿಕ್ಷೆಯ ಅಳತೆಗೋಲು ನಾಟಕವೆಂದಾದರೆ, ನನ್ನ ಶಿಷ್ಯರಲ್ಲಿ ಅರ್ಧ ಊರನ್ನು ಕೊಂದರೂ ಬಿಡುಗಡೆಯಾಗುವಷ್ಟು ಪ್ರತಿಭಾವಂತರಿದ್ದಾರೆ. ತಮಗೆ ತಿಳಿದಿರಲಿ.

ಬೇಡಿಕೆ ಇಷ್ಟೇ. ನಿರ್ಧಾರಕ್ಕೆ ಮುಂಚೆ ಸಕ್ರವ್ವನನ್ನು ಸಮಿತಿಯ ಎದುರು ಕೂರಿಸಿ, ಸೋಮುವನ್ನೂ ಕರೆಸಿ. ಬಣ್ಣ, ಪರದೆ, ಹಾರ್ಮೋನಿಯಂ ಪೇಟಿ ಯಾವುದೂ ಇಲ್ಲದೆ ಅವನು ಆಕೆಯ ಮುಖ ನೋಡಲಿ. ಈ ಸಲದ ಷರಾ ಆಕೆ ಹೇಳುತ್ತಾಳೆ, ತಾವು ಬರೆದುಕೊಳ್ಳಿ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಸಕ್ರವ್ವನೊಂದಿಗೆ ವಿಜಯಪುರಕ್ಕೆ ಬರುತ್ತೇನೆ. ಹೆಣದ ಪಾತ್ರ ಹದಿನಾಲ್ಕು ವರ್ಷದಿಂದ ಖಾಲಿಯಿದೆ. ತಮ್ಮ ಕಚೇರಿಯ ಮೆಟ್ಟಿಲ ಮೇಲೆ ನಾನೇ ಮಲಗುತ್ತೇನೆ. ಆಕೆಯನ್ನು ಒಳಗೆ ಕರೆಯುವವರೆಗೆ ಏಳುವುದಿಲ್ಲ.

ಇಂತಿ,
ಅಳುವುದನ್ನು ಕಲಿಸಿ, ಗುರುತಿಸಲು ಕಲಿಯದ
ಗುರಲಿಂಗಪ್ಪ ಮಾಸ್ತರ, ಹೊನವಾಡ