ವಿಮಾನ ಹಾರಿಸುವ ಮಗಳ ಮಾತ್ರೆ

ವೀಕ್ಷಾ ಮಗಾ,

ನಾನು ಅಣ್ಣಾ ನಗರದ ನಮ್ಮ ಹೋಟೆಲಿಗೆ ಹೊರಟೆ, ಅಪ್ಪ ಆಗಲೇ ಹೋದರು. ನೀರುದೋಸೆ ಮುಚ್ಚಿಟ್ಟಿದ್ದೇನೆ, ಎರಡಾದರೂ ತಿನ್ನು.

ಕಸದ ಬುಟ್ಟಿಯಲ್ಲಿ ನಿನ್ನ ಡಿಪ್ರೆಶನ್ನಿನ ಮಾತ್ರೆ ಸಿಕ್ಕಿತು. ತೆಗೆದು ಫ್ರಿಜ್ಜಿನ ಮೇಲೆ ಇಟ್ಟಿದ್ದೇನೆ. ಮಾತ್ರೆ ನುಂಗುವಷ್ಟು ದಿನ ಪೈಲಟ್‌ಗಳ ಮೆಡಿಕಲ್ ಪರೀಕ್ಷೆಯಲ್ಲಿ ಅನ್‌ಫಿಟ್, ವಿಮಾನ ಹಾರಿಸಲಿಕ್ಕೆ ಬಿಡುವುದಿಲ್ಲ ಅಂತ ಹೇಳ್ತಿ. ನುಂಗದಿದ್ದರೆ ನೀನು ಹಾಸಿಗೆಯಿಂದಲೇ ಏಳುವುದಿಲ್ಲವಲ್ಲ ಮಾರಾಯ್ತಿ! ಡಾಕ್ಟರಿಗೆ ಫೋನ್ ಮಾಡಿದೆ. ಒಮ್ಮೆಗೇ ನಿಲ್ಲಿಸಬಾರದಂತೆ, ಸಂಜೆ ಕರೆದುಕೊಂಡು ಬರಲಿಕ್ಕೆ ಹೇಳಿದ್ದಾರೆ. ನನಗೆ ಬೈಯುವುದಾದರೆ ಬೈ, ಆದರೆ ಹೊರಟು ನಿಲ್ಲು.

“ಹಾರದಿದ್ದರೆ ನಾನು ಯಾರಮ್ಮಾ?” ಅಂತ ನಿನ್ನೆ ನೀನು ಕೇಳಿದೆ. ಅಪ್ಪ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು.

ನಾನು ಬರುವವರೆಗೆ ಕೋಣೆಯ ಚಿಲಕ ಮಾತ್ರ ಹಾಕಬೇಡ.

ಅಮ್ಮ