ನಾಲ್ಕು ರಾಡ್

ಉಡುಪಿ
೧೪ ಮಾರ್ಚ್ ೨೦೦೧

ಚಂದಪ್ಪ ಮೇಸ್ತ್ರಿಗಳಿಗೆ, ಎಂಜಿನಿಯರ್ ಕರುಣಾಕರ ಸಾರ್ ಆಫೀಸಿನ ಮೋಹಿನಿಯ ನಮಸ್ಕಾರ. ಇದನ್ನು ನಿಮ್ಮ ಸೊಸೆ ನಾಗವೇಣಿ ಓದಿ ಹೇಳಲಿ.

ನೀವು ಕಟ್ಟುತ್ತಿರುವ ಅಲೆವೂರಿನ ಮನೆಯ ಚಾವಡಿಯ ಬೀಮಿಗೆ ನಾಲ್ಕು ರಾಡ್ ಎಂದು ಡ್ರಾಯಿಂಗ್ ಕೊಟ್ಟವಳು ನಾನು. "ನಾಕ ರಾಡ್ ಸಾಕಾಗ್ತಾವೇನ್ರಿ ಅಕ್ಕಾರ?" ಎಂದು ನೀವು ಆಗಲೇ ಕೇಳಿದ್ದಿರಿ. "ಕಂಪ್ಯೂಟರ್ ಹೇಳಿದ್ದು ಮಾರಾಯ್ರೇ" ಎಂದು ನಾನು ನಕ್ಕಿದ್ದೆ.

ಇವತ್ತು ಬೆಳಗ್ಗೆ ಅದೇ ಲೆಕ್ಕವನ್ನು ಇನ್ನೊಮ್ಮೆ ಹಾಕಿದೆ. ಆರು ಎಂದಿತು. ಮತ್ತೆ ಹಾಕಿದರೆ ನಾಲ್ಕು. ಕೊನೆಗೆ ಕೈಯಲ್ಲೇ ಹಾಕಿದೆ, ಆರೇ ಬೇಕು.

ವರ್ಕ್‌ಸ್ಟೇಷನ್ ಎಂಬ ಕಂಪ್ಯೂಟರ್ ಉಂಟು. ಒಳಗೆ ಅಂಕಿ ಕೆಟ್ಟರೆ ಅದು ತಿದ್ದುತ್ತದೆ, ಇಲ್ಲವೇ ಕೆಲಸ ನಿಲ್ಲಿಸುತ್ತದೆ. ಮನೆಗಳಲ್ಲಿ ಇಡುವ ಕಂಪ್ಯೂಟರ್ ಏನೂ ಹೇಳದೆ ಮುಂದೆ ಹೋಗುತ್ತದೆ. ಆಫೀಸಿಗೆ ಯಾವುದು ತರಲಿ ಎಂದು ಸಾರ್ ಕೇಳಿದಾಗ, ಮನೆಯದೇ ಸಾಕು ಎಂದವಳೂ ನಾನೇ.

ಸಾರ್ ಕಾಪುವಿನಲ್ಲಿದ್ದಾರೆ, ಫೋನಿಗೆ ಸಿಗುತ್ತಿಲ್ಲ. ಅವರನ್ನು ಕರೆತರಲು ಹೊರಟಿದ್ದೇನೆ. ಈ ಕಾಗದವನ್ನು ಅಲೆವೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಹಿಂದಿನ ಕೋಣೆಗಳ ತಾರಸಿಗೆ ಆನಿಸಿದ ಸೆಂಟ್ರಿಂಗ್ ಕಂಬ ಬಿಚ್ಚಬೇಡಿ. ಚಾವಡಿಯದನ್ನು ಆಗಲೇ ಬಿಚ್ಚಿ ನೀವು ಅಲ್ಲೇ ಬಿಡಾರ ಮಾಡಿದ್ದೀರಿ. ಎಲ್ಲರೂ ಸಿಮೆಂಟ್ ಮೂಟೆ ಇಟ್ಟ ಶೆಡ್ಡಿಗೆ ಹೋಗಿ. ಪಾತ್ರೆ, ಬಟ್ಟೆ ಅಲ್ಲೇ ಇರಲಿ, ತರಲು ಒಳಗೆ ಹೋಗಬೇಡಿ. ಬೈಯುವುದಿದ್ದರೆ ನಾನು ಬಂದಾಗ ಬೈಯಿರಿ.

ಇತಿ,
ಮೋಹಿನಿ

ನಾಗವೇಣಿ, ಇದನ್ನು ಎಲ್ಲಕ್ಕಿಂತ ಮೇಲೆ ಬರೆಯಬೇಕಿತ್ತು, ಗಾಬರಿಯಲ್ಲಿ ಹೊಳೆಯಲಿಲ್ಲ. ಕೂಸಿನ ಜೋಲಿಯನ್ನು ಆ ಬೀಮಿಗೇ ಕಟ್ಟಿದ್ದೀಯಲ್ಲ. ನೀನು ಇಷ್ಟನ್ನೂ ಒಳಗೆ ಕುಳಿತೇ ಓದಿದ್ದರೆ, ಮೊದಲು ಕೂಸನ್ನು ಎತ್ತಿಕೊಂಡು ಹೊರಗೆ ಬಾ. ಮಾವನಿಗೆ ಅಂಗಳದಲ್ಲಿ ಓದಿ ಹೇಳು.