ಹೆಣ್ಣು ನೋಡುವಂತೆ ನಡೆದ ತಪಾಸಣೆ

ಪಾಲಕರ ಮೇಲೆ ಕಣ್ಣಿಡಬೇಕಾದ ಮಾನ್ಯ ಅಧಿಕಾರಿಗಳೇ,

ತಪಾಸಣೆಗೆ ಬರುವ ಮುನ್ನ ಫೋನ್ ಮಾಡಿ ತಿಳಿಸುವ ನಿಮ್ಮ ಸೌಜನ್ಯವನ್ನು ದಯವಿಟ್ಟು ಬಿಟ್ಟುಬಿಡಿ. ದಿನಚರಿ ಬಿಟ್ಟರೆ ಬೇರೇನೂ ಬರೆದು ಗೊತ್ತಿಲ್ಲದ ನಾನು ಪತ್ರಿಕೆಗೆ ಬರೆಯುತ್ತಿರುವುದು ಇಷ್ಟು ಹೇಳುವುದಕ್ಕೇ.

ನನ್ನ ಅಕ್ಕ ರಾಮಮ್ಮ ಕುರುಬರಹಳ್ಳಿಯಲ್ಲಿದ್ದಳು. ಅವಳಿಗೆ ಮರೆವು ಹೆಚ್ಚಿತು. ಭಾವ ಅಂಜಿನಯ್ಯನವರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಮಕ್ಕಳಿಲ್ಲದ ಇಬ್ಬರಿಗೂ ಭಾವನ ತಮ್ಮನ ಮಗ ನಾಗೇಂದ್ರನನ್ನು ನ್ಯಾಯಾಲಯ ಪಾಲಕನನ್ನಾಗಿ ನೇಮಿಸಿತು. ಅವನು ಹೇಗೆ ನೋಡಿಕೊಳ್ಳುತ್ತಾನೆಂದು ನೋಡುವ ಕೆಲಸ ನಿಮ್ಮದು. ನೀವು ಬಂದು ನೋಡಿದಿರಿ. ಅಂದು ನಾನೂ ಅಲ್ಲೇ ಇದ್ದೆ.

ನಿಮ್ಮ ಫೋನ್ ಬಂದದ್ದೇ ತಡ, ಅಕ್ಕನಿಗೆ ಎಣ್ಣೆನೀರು, ರೇಷ್ಮೆ ಸೀರೆ, ಮುಡಿಗೆ ಮಲ್ಲಿಗೆ. ಅಡುಗೆಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು. ಅವಳಾದರೂ ಏನೆಂದುಕೊಳ್ಳಬೇಕು? ತಟ್ಟೆ ಹಿಡಿದು ಕೂತ ನಿಮ್ಮನ್ನು ಮೇಲಿಂದ ಕೆಳಗೆ ನೋಡಿ, "ಹುಡುಗನಿಗೆ ವಯಸ್ಸು ಜಾಸ್ತಿ ಆಯ್ತು ಕಣೇ, ಬೇಡ ಅಂದ್ಬಿಡು" ಎಂದಳು. ನೀವು ನಕ್ಕಿರಿ. ನಾನೂ ನಕ್ಕೆ.

ಆದರೆ ಸ್ವಾಮಿ, ಹೆಣ್ಣು ನೋಡಲು ಬಂದವರು ಹೆಸರನ್ನಾದರೂ ಹುಡುಗಿಯನ್ನೇ ಕೇಳುತ್ತಾರೆ. ಇಬ್ಬರೇ ಸ್ವಲ್ಪ ಮಾತಾಡಿಕೊಳ್ಳಲಿ ಎಂದು ತಾರಸಿಗೂ ಕಳಿಸುತ್ತಾರೆ. ನೀವೋ, ಊಟ ಮಾಡುತ್ತಾರಾ, ನಿದ್ದೆ ಬರುತ್ತಾ ಎಂದು ಎಲ್ಲವನ್ನೂ ನಾಗೇಂದ್ರನನ್ನೇ ಕೇಳಿದಿರಿ. ಅಕ್ಕನ ಹಸಿವು ಅವನಿಗೆ ಗೊತ್ತಿರುವಷ್ಟು ಅಕ್ಕನಿಗೆ ಗೊತ್ತಿರುವುದುಂಟೇ? ಒಳಕೋಣೆಯಲ್ಲಿ ಮಲಗಿದ್ದ ಭಾವನಿಗೆ ಬಾಗಿಲಲ್ಲೇ ನಿಂತು ಕೈಮುಗಿದಿರಿ, ಗರ್ಭಗುಡಿಯ ಮುಂದೆ ನಿಂತವರಂತೆ.

ನೀವು ಹೊರಟಿರಿ, ಸೀರೆ ಬೀರು ಸೇರಿತು. ಅಕ್ಕ ನನ್ನ ಕೈ ಹಿಡಿದುಕೊಂಡಳು. "ಒಪ್ಕೊಂಡ್ಬಿಡ್ತೀನಿ ಕಣೇ, ದಿನಾ ಬರೋಕೆ ಹೇಳು. ಅವ್ರು ಬಂದ್ರೆ ಹೊಟ್ಟೆ ತುಂಬಾ ಹಾಕ್ತಾರೆ."

ಇದನ್ನು ನಿಮ್ಮ ಕಚೇರಿಗೆ ಬಂದು ಹೇಳಿದೆ. ಮರೆವಿನವರ ಮಾತನ್ನು ದೂರು ಎಂದು ಪರಿಗಣಿಸಲಾಗದು ಎಂದರು ಅಲ್ಲಿನವರು. ಹಸಿವಾಗಲು ನೆನಪಿನ ಶಕ್ತಿ ಯಾಕೆ ಬೇಕೋ, ಕಡಿಮೆ ಓದಿದ ನನಗೆ ತಿಳಿಯಲಿಲ್ಲ.

ಯುಗಾದಿಗೆ ಮುಂಚೆ ಅಕ್ಕ ತೀರಿಕೊಂಡಳು. ಅವಳ ಕಾರ್ಯ ಮುಗಿದ ಮೇಲೆ ನಾಗೇಂದ್ರ ನನಗೆ ಬಾಗಿಲು ತೆಗೆಯುತ್ತಿಲ್ಲ. ಭಾವನನ್ನು ಅಕ್ಕಪಕ್ಕದವರೂ ಕಂಡಿಲ್ಲ. ಆ ಬಾಗಿಲು ತೆಗೆಸುವ ಅಧಿಕಾರ ಇರುವುದು ನಿಮಗೆ ಮಾತ್ರ.

ಆದ್ದರಿಂದ ಹೇಳದೆ ಹೋಗಿ, ಊಟದ ಹೊತ್ತಿಗೇ ಹೋಗಿ. ನಾಗೇಂದ್ರನನ್ನು ಹೊರಗೆ ಕೂರಿಸಿ. ಭಾವನಿಗೆ ಮಾತಿಲ್ಲ, ಕಿವಿ ಮಾತ್ರ ಚೆನ್ನಾಗಿದೆ. ಪಕ್ಕದಲ್ಲಿ ಕೂತು ಅವರನ್ನೇ ಕೇಳಿ. ಹೌದಾದರೆ ಕೈ ಹಿಸುಕುತ್ತಾರೆ. ಆಮೇಲೆ ಹೊದಿಕೆ ಸರಿಸಿ, ಬೆನ್ನು ನೋಡಿ. ಈ ವಾರವೇ.

ಇಂತಿ,
ಅಕ್ಕನಿಗೆ ತಡವಾದ, ಭಾವನಿಗಾದರೂ ತಡವಾಗಬಾರದೆಂದು ಗೇಟಿನ ಹೊರಗೆ ನಿಂತಿರುವ
ವರಲಕ್ಷ್ಮಿ, ವಿಜಯನಗರ